ಚಿಗರಿಯ ಹಿಂದೆ ಕುಳಿತವರು

ನವಲಗುಂದದ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ ಮಹಬೂಬಸಾಬನಿಗೆ ಬೇಕಾಗಿದ್ದದ್ದು ಒಂದು ಫ್ಲ್ಯಾಶು. ಅವನ ಹಳೆಯ ಫ್ಲ್ಯಾಶಿಗೆ ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವ ಚಾಳಿ ಇತ್ತು. ಕುವೈತಿನಲ್ಲಿದ್ದ ಹೆಂಡತಿಯ ಅಣ್ಣ ಬಾಷಾಸಾಬನಿಗೆ ಅವನು ಮೂರು ಪತ್ರ ಬರೆದ. ಮೂರರಲ್ಲೂ ‘ಒಳ್ಳೇದು, ದೊಡ್ಡದು, ಜಪಾನಿನದು’ ಎಂದು ಬರೆದು ಕೆಳಗೆ ಗೆರೆ ಎಳೆದ. ೧೯೮೬ರ ಶ್ರಾವಣದಲ್ಲಿ ಊರಿಗೆ ಬಂದ ಬಾಷಾಸಾಬ ಈ ಮೂರು ಗುಣಗಳನ್ನೂ ತಂದಿದ್ದ, ಫ್ಲ್ಯಾಶು ಮಾತ್ರ ತಂದಿರಲಿಲ್ಲ. ಉದ್ದನೆಯ ಚರ್ಮದ ಪೆಟ್ಟಿಗೆ ತೆರೆದಾಗ ಒಳಗೆ ಮೊಳದುದ್ದದ ಒಂದು ಕರಿಯ ಜೂಮ್ ಲೆನ್ಸು ಮಲಗಿತ್ತು. ಎತ್ತಿದರೆ ತಿಂಗಳ ಕೂಸಿನಷ್ಟು ಭಾರ.

“ಅಂಗಡಿಯಾಂವ ಇದಕ್ಕಿಂತ ದೊಡ್ಡದು ಇಡೀ ಕುವೈತಿನಾಗ ಇಲ್ಲ ಅಂದ. ತಗೊಂಡು ಬಂದೆ,” ಎಂದ ಬಾಷಾಸಾಬ.

ಮಹಬೂಬಸಾಬನ ಹೆಂಡತಿ ಜರೀನಾಬಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, “ಇದರಾಗ ಶಾವಿಗಿ ಒತ್ತಾಕರೆ ಬರ್ತದೇನು?” ಎಂದು ಕೇಳಿದಳು.

ಹೆಂಡತಿಯ ಅಣ್ಣ ನೊಂದುಕೊಂಡಾನೆಂದು ಮಹಬೂಬಸಾಬ ಅದನ್ನು ಒಂದು ಮದುವೆಗೂ ಒಯ್ದ. ಆ ಲೆನ್ಸಿನ ಸ್ವಭಾವವೆಂದರೆ ಹತ್ತಿರದವರನ್ನು ಅದು ಗುರುತೇ ಹಿಡಿಯುವುದಿಲ್ಲ. ಹಂದರದೊಳಗೆ ನಿಂತರೆ ಎಲ್ಲವೂ ಮಂಜು. ಕೊನೆಗೆ ಎದುರು ಮನೆಯ ಮಾಳಿಗೆ ಹತ್ತಿ ತೆಗೆದ. ಫೋಟೋದಲ್ಲಿ ಗಂಡೂ ಬರಲಿಲ್ಲ, ಹೆಣ್ಣೂ ಬರಲಿಲ್ಲ. ಹೆಣ್ಣಿನ ಮೂಗುತಿ ಮಾತ್ರ ಕುಂಬಳಕಾಯಿ ಗಾತ್ರದಲ್ಲಿ ಬಂತು. ಹೆಣ್ಣಿನ ಅಪ್ಪ ಸ್ಟುಡಿಯೋಕ್ಕೆ ಬಂದು, “ನಾ ಲಗ್ನದ ಫೋಟೋ ತೆಗಿ ಅಂದ್ರ ನೀ ಅಕ್ಕಸಾಲಿಗನ ಜಾಹೀರಾತು ತೆಗದೀಯಲ್ಲೋ!” ಎಂದು ಕೂಗಾಡಿ ಹೋದ. ಲೆನ್ಸು ಕಪಾಟಿನ ಮೇಲೆ ಹೋಗಿ ಕುಳಿತಿತು.

ಅದನ್ನು ಮತ್ತೆ ಕೆಳಗಿಳಿಸಿದ್ದು ಒಂದು ಕರಪತ್ರ. ಅಕ್ಟೋಬರಿನಲ್ಲಿ ವನ್ಯಜೀವಿ ಸಪ್ತಾಹ, ಅದರ ಅಂಗವಾಗಿ ಕಾಡುಪ್ರಾಣಿಗಳ ಛಾಯಾಚಿತ್ರ ಸ್ಪರ್ಧೆ ಎಂದು ಯಾರೋ ಸ್ಟುಡಿಯೋದ ಬಾಗಿಲಿಗೆ ಅಂಟಿಸಿ ಹೋಗಿದ್ದರು. ಇಪ್ಪತ್ತು ವರ್ಷ ಕುರ್ಚಿಯ ಮೇಲೆ ಕೂರಿಸಿ, ಗದ್ದ ಎತ್ತಿ, “ಉಸುರು ಬಿಗಿ ಹಿಡೀರಿ” ಎಂದು ಜನರ ಫೋಟೋ ತೆಗೆದು ತೆಗೆದು ಮಹಬೂಬಸಾಬನಿಗೂ ಬೇಸರ ಬಂದಿತ್ತು. ಉಸಿರು ಹಿಡಿಯೆಂದರೆ ಓಡಿಹೋಗುವ ಜೀವವೊಂದನ್ನು ತೆಗೆಯಬೇಕೆಂದು ಅವನಿಗೆ ಆಸೆಯಾಯಿತು. ನವಲಗುಂದದ ಎರೆಮಣ್ಣಿನ ಬಯಲಲ್ಲಿ ಅಂಥ ಜೀವವೆಂದರೆ ಚಿಗರಿ, ಪುಸ್ತಕದವರು ಹೇಳುವ ಕೃಷ್ಣಮೃಗ. ತಿರ್ಲಾಪುರದ ಹೊಲಗಳಲ್ಲಿ ಅವು ಬೆಳಗಾದರೆ ಹಿಂಡು ಹಿಂಡಾಗಿ ಬರುತ್ತಿದ್ದವು.

ತಿರ್ಲಾಪುರದ ಬಗ್ಗೆ ಒಂದು ಮಾತು ಹೇಳಬೇಕು. ಆ ಊರಿಗೆ ಹೋಗುವ ಬಸ್ಸು ಊರೊಳಗೆ ಎರಡು ಕಡೆ ನಿಲ್ಲುತ್ತಿತ್ತು. ಒಂದು ಹೊಳೆಪ್ಪನ ಕಟ್ಟೆ, ಇನ್ನೊಂದು ಕುಬೇರಪ್ಪನ ಬೇವಿನ ಮರ. ನಡುವೆ ನೂರಿಪ್ಪತ್ತು ಹೆಜ್ಜೆ. ಬಸ್ಸು ಮೊದಲು ಎಲ್ಲಿ ನಿಲ್ಲಬೇಕೆಂದು ಈ ಇಬ್ಬರು ಮುಖಂಡರು ಹನ್ನೊಂದು ವರ್ಷದ ಹಿಂದೆ ಜಗಳ ತೆಗೆದವರು ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಊರೂ ನಡುವೆ ಸೀಳಿ ಎರಡಾಗಿತ್ತು. ಎರಡು ಹಿಟ್ಟಿನ ಗಿರಣಿ, ಎರಡು ಗಣಪತಿ, ಎರಡು ಭಜನಿ ಮೇಳ. ಹೊಳೆಪ್ಪ ಐದಡಿಯ ಗಟ್ಟಿ ಆಳು, ಹೊಟ್ಟೆ ಮುಂದೆ, ತಲೆ ಬೋಳು. ಕುಬೇರಪ್ಪ ಆರಡಿಯ ತೆಳ್ಳನೆಯ ಮನುಷ್ಯ, ಮಳೆಯಿರಲಿ ಬಿಸಿಲಿರಲಿ ಕೈಯಲ್ಲಿ ಛತ್ರಿ. ಇಬ್ಬರ ಸಲುವಾಗಿಯೂ ಹೊಡೆದಾಡಿ ಪೊಲೀಸ್ ಸ್ಟೇಷನ್ನು ಕಂಡುಬಂದವರು ಊರಲ್ಲಿ ಬೇಕಾದಷ್ಟು ಜನರಿದ್ದರು. ಅವರಲ್ಲಿ ಹಿರಿಯನೆಂದರೆ ಹೊಳೆಪ್ಪನ ಬಂಟ ಕರಿಸಿದ್ದಪ್ಪ. ಅವನು ತನ್ನ ಮುಂದಿನ ಎರಡು ಹಲ್ಲುಗಳನ್ನು ಬಸ್ಸಿನ ವಿಷಯದಲ್ಲಿ ಕಳೆದುಕೊಂಡಿದ್ದ.

ಮಹಬೂಬಸಾಬ ಊರ ಹೊರಗೆ ಮಲ್ಲಕ್ಕನೆಂಬ ಮುದುಕಿಯ ಹೊಲದ ಒಡ್ಡಿನ ಮೇಲೆ ಮೂರು ಕಾಲಿನ ಸ್ಟ್ಯಾಂಡು ಊರಿದ. ಮಲ್ಲಕ್ಕ ಕವಣೆ ಹಿಡಿದು ಎಳೆಪೈರು ಕಾಯುತ್ತಿದ್ದಳು.

“ಬಂದೂಕೇನೋ ಸಾಬಾ?”

“ಅಲ್ಲಬೇ, ಫೋಟೋ ತೆಗಿಯೂದು.”

“ಚಿಗರೀದು? ನಾ ದಿನಾ ಓಡಸಾಕ ಬರ್ತೀನಿ, ನೀ ಅದನ್ನ ನಿಂದ್ರಿಸಿ ಫೋಟೋ ತೆಗೀತೀ. ಚಲೋ ಆತು,” ಎಂದು ಮಲ್ಲಕ್ಕ ಕವಣೆ ಮಡಿಲಿಗೆ ಹಾಕಿ ಕುಳಿತಳು.

ಮೊದಲ ದಿನ ಗಾಳಿಗೆ ಲೆನ್ಸು ತೂಗಾಡಿ ಚಿಗರಿಗಳು ದೆವ್ವಗಳಂತೆ ಬಂದವು. ಎರಡನೆಯ ದಿನ ತಡವಾಗಿ ಹೋದ. ಎರೆಯ ಮೇಲೆ ಬಿಸಿಲು ಕುದಿಯುತ್ತಿತ್ತು. ಲೆನ್ಸಿನಲ್ಲಿ ನೋಡಿದರೆ ಚಿಗರಿಗಳು ಎಸರಿಟ್ಟ ನೀರಿನೊಳಗೆ ನಿಂತಂತೆ ಕಂಡವು. ಮೂರನೆಯ ದಿನ ಅವನೇ ಸೀನಿದ. ನಾಲ್ಕನೆಯ ದಿನ, ಸೂರ್ಯ ಮೂಡಿ ಮಾರುದ್ದ ಏರಿದ್ದಾಗ, ಎಂಬತ್ತು ಮಾರು ದೂರದಲ್ಲಿ ಒಂದು ಕರಿಯ ಗಂಡು ಚಿಗರಿ ತಿರುಚಿದ ಕೊಂಬು ಎತ್ತಿ ಅವನತ್ತಲೇ ನೋಡುತ್ತ ನಿಂತುಬಿಟ್ಟಿತು. ಕಾಡುಪ್ರಾಣಿಗಳ ಫೋಟೋ ತೆಗೆಯುವವರು ಪ್ರಾಣಿಯನ್ನಷ್ಟೇ ಚೊಕ್ಕ ಮಾಡಿ ಹಿಂದಿನದನ್ನು ಮಸುಕಾಗಲು ಬಿಡುತ್ತಾರೆ. ಆದರೆ ಇವನದು ಮದುವೆಯ ಕೈ. ಗ್ರೂಪ್ ಫೋಟೋದಲ್ಲಿ ಕೊನೆಯ ಸಾಲಿನ ಸೋದರಮಾವ ಮಸುಕಾದರೆ ಬೀಗರು ಉಣ್ಣದೆ ಎದ್ದುಹೋಗುತ್ತಾರೆ ಎಂಬ ಭಯ ಇಪ್ಪತ್ತು ವರ್ಷದ್ದು. ಕೈ ತಾನಾಗಿ ಹೋಗಿ ಲೆನ್ಸಿನ ಕಿಂಡಿಯನ್ನು ಆದಷ್ಟು ಸಣ್ಣದು ಮಾಡಿತು. ಮುಂದಿನದು, ಹಿಂದಿನದು, ಕ್ಷಿತಿಜದ ಜಾಲಿಗಿಡ, ಎಲ್ಲವೂ ಚೊಕ್ಕ. ಅವನು ಉಸಿರು ಬಿಗಿ ಹಿಡಿದು ಗುಂಡಿ ಒತ್ತಿದ.

ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಮೊದಲು ಕೊಂಬು ಮೂಡಿತು, ಆಮೇಲೆ ಕಣ್ಣು. ಮಹಬೂಬಸಾಬನ ಕಣ್ಣಲ್ಲಿ ನೀರು ಬಂತು. ಚಿಗರಿಯ ಹೊಟ್ಟೆಯ ಬಲಕ್ಕೆ, ಹಿಂದೆ, ಎರಡು ಬಿಳಿ ಆಕಾರಗಳಿದ್ದವು. ಬೆಳ್ಳಕ್ಕಿ ಇರಬೇಕೆಂದುಕೊಂಡು ಸ್ಪರ್ಧೆಗೆ ಕಳಿಸಿಬಿಟ್ಟ.

ಸ್ಪರ್ಧೆಗೆ ಬಂದದ್ದು ಒಟ್ಟು ಮೂರು ಚಿತ್ರ. ಒಂದು ಯಾರದೋ ಪಂಜರದ ಗಿಳಿ. ಇನ್ನೊಂದು ಹುಲಿ. ಆದರೆ ಅದರ ಬೆನ್ನ ಮೇಲೆ ಕ್ಯಾಲೆಂಡರಿನ ತಾರೀಖು ಕಾಣುತ್ತಿತ್ತು. ಮಹಬೂಬಸಾಬನಿಗೆ ಮೊದಲ ಬಹುಮಾನ ಬಂತು. ಹುಬ್ಬಳ್ಳಿಯ ಒಂದು ಪತ್ರಿಕೆ ಅದನ್ನು ಮೂರು ಕಾಲಮ್ಮಿನಷ್ಟು ದೊಡ್ಡದಾಗಿ ಹಾಕಿ, ಅಡಿಯಲ್ಲಿ ‘ತಿರ್ಲಾಪುರದ ನಿಸರ್ಗದ ಮಡಿಲಲ್ಲಿ ನಿಶ್ಚಿಂತ ಬದುಕು’ ಎಂದು ಬರೆಯಿತು.

ಪತ್ರಿಕೆ ತಿರ್ಲಾಪುರ ಮುಟ್ಟಿದಾಗ ಚಿಗರಿಯನ್ನು ಒಬ್ಬರೂ ನೋಡಲಿಲ್ಲ. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡಿದ್ದ ಕರಿಸಿದ್ದಪ್ಪ ಪತ್ರಿಕೆಯನ್ನು ಮೂಗಿಗೆ ಹಿಡಿದು ಕೂಗಿದ:

“ಏ, ಇದು ನಮ್ಮ ಹೊಳೆಪ್ಪಗೌಡ್ರ ಬೋಳತಲಿ ಹೌದಲ್ಲೋ? ಬಾಜೂಕ ಛತ್ರಿ ಯಾರದು?”

ಊರೇ ಕೂಡಿತು. ಸಂಶಯವೇ ಇರಲಿಲ್ಲ. ಹಳ್ಳದ ದಂಡೆಯಲ್ಲಿ, ಪಕ್ಕದಲ್ಲಿ ನೀರಿನ ಚರಗಿ ಇಟ್ಟುಕೊಂಡು, ಹೊಳೆಪ್ಪ ಮತ್ತು ಕುಬೇರಪ್ಪ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಬೆಳಗಿನ ಆ ಕಾರ್ಯಕ್ಕೆ ಮನುಷ್ಯ ತನ್ನ ಜೀವದ ಗೆಳೆಯನನ್ನಲ್ಲದೆ ಬೇರೆಯವರನ್ನು ಅಷ್ಟು ಹತ್ತಿರ ಕೂರಿಸಿಕೊಳ್ಳುವುದಿಲ್ಲ ಎಂಬುದು ಎರಡೂ ಪಾರ್ಟಿಯವರಿಗೆ ಗೊತ್ತಿತ್ತು.

“ನಾವು ಇವರ ಸಲುವಾಗಿ ಹಲ್ಲು ಮುರಸ್ಕೊಂಡ್ವಿ. ಇವರು ನೋಡಿದ್ರ ಹಳ್ಳದಾಗ ಕುಂತು ಸುಖ-ದುಃಖ ಮಾತಾಡ್ತಾರ!” ಎಂದ ಕರಿಸಿದ್ದಪ್ಪ. ಅವನ ಅರ್ಧ ಗಡ್ಡ ಹಾಗೇ ಉಳಿಯಿತು.

ಜನವರಿಯಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಇತ್ತು. ಎರಡೂ ಕಡೆಯ ಬಂಟರು ಮುನಿಸಿಕೊಂಡು ಮನೆ ಸೇರಿದರು. ಮುಖಂಡರ ಕಟ್ಟೆಗಳು ಖಾಲಿಯಾದವು.

ಮೊದಲು ಸ್ಟುಡಿಯೋಕ್ಕೆ ಬಂದವನು ಹೊಳೆಪ್ಪ. ಬೆಳಕಿನ ಛತ್ರಿಯ ಕೆಳಗಿದ್ದ ಕುರ್ಚಿಯಲ್ಲಿ ಧೊಪ್ಪನೆ ಕುಳಿತು ಕೇಳಿದ:

“ಸಾಬಾ, ಆ ಮನಿಶ್ಯಾನ್ನ ನನ್ನ ಬಾಜೂಕ ಯಾಕ ತಂದು ಕುಂದ್ರಿಸಿದಿ?”

“ನಾ ತಂದಿಲ್ಲರಿ ಗೌಡ್ರ, ಲೆನ್ಸು ತಂತ್ರಿ. ನೀವು ಹಳ್ಳದ ಈ ಕಡೆ ಕುಂತಿದ್ರಿ, ಅವರು ಹಳ್ಳ ದಾಟಿ ಅರ್ಧ ಫರ್ಲಾಂಗ ಆಚೆ. ಈ ಉದ್ದನ್ನ ಲೆನ್ಸು ದೂರ ದೂರ ಇದ್ದದ್ದನ್ನ ಒಂದರ ಬೆನ್ನಿಗೆ ಒಂದು ಹಚ್ಚಿ ತೋರಸ್ತದರಿ. ಸಂತ್ಯಾಗ ಅರಿವಿ ಮಡಚಿ ಇಡ್ತಾರಲ್ಲರಿ, ಹಂಗ. ನಡುವಿನ ಜಾಗಾನ ಮಡಚಿಬಿಡ್ತದ.”

“ಹಂಗಾರ ನಾನು ಕುಬೇರನ ಕೂಡ ಮಡಿಕಿ ಬಿದ್ದೀನೇನು! ಅವನ್ನ ತಗದು ಹೊಸದಾಗಿ ಪೇಪರಿಗೆ ಕೊಡು.”

ಅವನು ಹೋದ ಅರ್ಧ ಗಂಟೆಗೆ ಕುಬೇರಪ್ಪ ಬಂದ. ಛತ್ರಿ ಮಡಿಸದೆಯೇ ಬಾಗಿಲಲ್ಲಿ ಸಿಕ್ಕಿಕೊಂಡು, ಒಳಗೆ ಬಂದು, ಹೊಳೆಪ್ಪನನ್ನು ತೆಗೆಯೆಂದ. ಮಹಬೂಬಸಾಬ ಮಡಿಸಿದ ಅರಿವೆಯ ಕಥೆಯನ್ನು ಇವನಿಗೂ ಹೇಳಿದ. ಅದರ ಜೊತೆಗೆ ಒಂದು ಸೂಕ್ಷ್ಮವನ್ನೂ ತೋರಿಸಿದ. “ನೋಡ್ರಿ, ನೀವು ಆರಡಿ, ಅವರು ಐದಡಿ. ಚಿತ್ರದಾಗ ಇಬ್ಬರೂ ಸಮ ಅದೀರಿ. ನೀವು ದೂರ ಇದ್ದಿದ್ದಕ್ಕ ಸಣ್ಣ ಕಂಡೀರಿ. ಖರೇನ ಬಾಜೂಕ ಕುಂತಿದ್ರ ನೀವು ಗೇಣುದ್ದ ಎತ್ತರ ಕಾಣಬೇಕಿತ್ತು.”

ಕುಬೇರಪ್ಪನಿಗೆ ತಾನು ಹೊಳೆಪ್ಪನ ಸಮ ಕಂಡದ್ದೇ ಇನ್ನೊಂದು ಅವಮಾನವಾಯಿತು. “ಇದನ್ನ ಊರಾಗ ಬಂದು ಹೇಳು,” ಎಂದ.

ಮಹಬೂಬಸಾಬ ಹೋಗಿ ಹೇಳಿದ. ಯಾರೂ ನಂಬಲಿಲ್ಲ. ಇಬ್ಬರಿಂದಲೂ ಏನೋ ತಿಂದಿದ್ದಾನೆ ಎಂದರು. ಅವನಿಗೆ ರೇಗಿತು. ಇಡೀ ಜನ್ಮದಲ್ಲಿ ಅವನು ತೆಗೆದ ಒಂದೇ ಒಂದು ಒಳ್ಳೆಯ ಚಿತ್ರ ಅದು. ಆ ಕೊಂಬಿನ ತಿರುವು, ಕಣ್ಣಿನ ಹೊಳಪು, ಮೂಗಿನ ಮೇಲಿನ ಇಬ್ಬನಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. “ನನ್ನ ಮಾತು ಬ್ಯಾಡ್ರಿ. ಐತವಾರ ಮುಂಜಾನೆ ಎಲ್ಲಾರೂ ಮಲ್ಲಕ್ಕನ ಹೊಲಕ್ಕ ಬರ್ರಿ. ಗೌಡ್ರು ಇಬ್ಬರೂ ಅವತ್ತ ಎಲ್ಲೆಲ್ಲಿ ಕುಂತಿದ್ರೋ ಅಲ್ಲಲ್ಲೇ ಕುಂದ್ರಲಿ. ನಿಮ್ಮ ಕಣ್ಣಿಲೆ ನೋಡ್ರಿ,” ಎಂದ.

ಯಾರು ಮೊದಲು ಹೋಗಿ ಕೂರಬೇಕೆಂಬುದಕ್ಕೆ ಎರಡು ದಿನ ಹಿಡಿಯಿತು. ಮೊದಲು ಕೂತವನು ಸೋತಂತೆ. ಕೊನೆಗೆ ಶಾಲೆಯಿಂದ ಒಂದು ಸೀಟಿ ತರಿಸಿ, ಅದನ್ನು ಊದಿದಾಗ ಇಬ್ಬರೂ ಏಕಕಾಲಕ್ಕೆ ಕೂರತಕ್ಕದ್ದು ಎಂದು ತೀರ್ಮಾನವಾಯಿತು. ಭಾನುವಾರ ಬೆಳಗ್ಗೆ ಇಬ್ಬರು ಮುಖಂಡರು ತಮ್ಮ ತಮ್ಮ ಚರಗಿ ಹಿಡಿದು ಬೇರೆ ಬೇರೆ ದಾರಿಯಲ್ಲಿ ಗಂಭೀರವಾಗಿ ನಡೆದುಹೋದರು. ಮಲ್ಲಕ್ಕನ ಹೊಲದಲ್ಲಿ ಊರು ಎರಡು ಪಾಳಿಯಾಗಿ ನಿಂತಿತು. ಮಹಬೂಬಸಾಬ ಸೀಟಿ ಊದಿದ. ಬರಿಗಣ್ಣಿಗೆ ದೂರದಲ್ಲಿ ಎರಡು ಬಿಳಿ ಚುಕ್ಕೆಗಳು ಕುಸಿದವು. ಒಂದು ಹಳ್ಳದ ಈಚೆ, ಒಂದು ಆಚೆ.

ಮೊದಲು ಕರಿಸಿದ್ದಪ್ಪ ಲೆನ್ಸಿಗೆ ಕಣ್ಣಿಟ್ಟ. “ಯಪ್ಪಾ! ಕೂಡೇ ಕುಂತಾರ!” ತಲೆ ಎತ್ತಿ ಬರಿಗಣ್ಣಲ್ಲಿ ನೋಡಿದ. “ಇಲ್ಲೋ ಮಾರಾಯಾ, ದೂರ ಅದಾರ!” ಮತ್ತೆ ಬಗ್ಗಿದ. “ಕೂಡೇ ಕುಂತಾರ!” ಆರು ಸಲ ಹೀಗೆ ಮಾಡಿ, ಅವನು ಬೋಡು ಬಾಯಿ ತೆರೆದು ನಕ್ಕ. “ನಮ್ಮ ಗೌಡ್ರು ಚೊಕ್ಕ ಅದಾರ್ರೋ! ಎಲ್ಲಾ ಇದರ ಆಟ!”

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸರದಿಯಲ್ಲಿದ್ದವರಿಗೆ ಮುಖಂಡರಿಗಿಂತ ಲೆನ್ಸೇ ಹೆಚ್ಚು ರುಚಿಸಿತು. ಒಬ್ಬ ಅದನ್ನು ಎಡಕ್ಕೆ ತಿರುಗಿಸಿ, ತನ್ನ ಹತ್ತಿಯ ಹೊಲದಲ್ಲಿ ಯಾರದೋ ಎಮ್ಮೆ ಮೇಯುವುದನ್ನು ಕಂಡು ಕೂಗುತ್ತ ಓಡಿದ. ಇನ್ನೊಬ್ಬ ಬಲಕ್ಕೆ ತಿರುಗಿಸಿ, ಕಳೆ ಕೀಳಲು ಕಳಿಸಿದ್ದ ಅಳಿಯ ಬದುವಿನ ಮೇಲೆ ಅಂಗಾತ ಮಲಗಿದ್ದನ್ನು ಕಂಡ. ಮತ್ತೊಬ್ಬನಿಗೆ ನೆರೆಯವ ಒಡ್ಡು ಒತ್ತಿದ್ದು ಕಂಡಿತು. ಎರಡು ಪಾಳಿ ನಾಲ್ಕಾದವು. ನೋಡಿದವರು ಹಿಂದೆ ಹೋಗಿ ಮತ್ತೆ ಪಾಳಿಗೆ ನಿಂತರು. ಏಳಕ್ಕೆ ಶುರುವಾದದ್ದು ಒಂಬತ್ತೂವರೆಯಾದರೂ ಮುಗಿಯಲಿಲ್ಲ. ಅತ್ತ ಮುಖಂಡರು ಏಳುವ ಹಾಗಿರಲಿಲ್ಲ. ಸೀಟಿ ಊದದೆ ಮೊದಲು ಎದ್ದವನೂ ಸೋತಂತೆಯೇ.

ಬಿಸಿಲು ಏರಿತು. ಮಹಬೂಬಸಾಬ ಲೆನ್ಸು ಸರಿಪಡಿಸುವ ನೆವದಲ್ಲಿ ಒಮ್ಮೆ ಕಣ್ಣಿಟ್ಟ. ಹೊಳೆಪ್ಪ ಬೋಳುತಲೆಯ ಮೇಲೆ ಚರಗಿ ಕವುಚಿಕೊಂಡು, ಹಳ್ಳದ ಆಚೆಗೆ ಮುಖ ಮಾಡಿ ಏನೋ ಕೂಗುತ್ತಿದ್ದ. ಕೇಳಿಸಲಿಲ್ಲ, ಆದರೆ ಬಾಯಿ ಆಡಿದ್ದು ಕಂಡಿತು. ಕುಬೇರಪ್ಪ ಕೈ ಬೀಸಿ ಏನೋ ಉತ್ತರ ಕೊಟ್ಟ. ಹನ್ನೊಂದು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು, ಬಹುಶಃ ತಮ್ಮ ಜನ ಎಂಥ ಮುಠ್ಠಾಳರು ಎಂಬುದರ ಬಗ್ಗೆಯೇ ಇರಬೇಕು. ಅಷ್ಟರಲ್ಲಿ ಹಿಂದಿನವನು ಇವನ ಭುಜ ಎಳೆದ.

ಕಾಲು ಗಂಟೆಯ ಮೇಲೆ ಮತ್ತೆ ನೋಡಿದ. ಇಬ್ಬರೂ ಹಾಗೇ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದರು. ಆದರೆ ಛತ್ರಿಯ ನೆರಳು ಈಗ ಎರಡು ತಲೆಗಳ ಮೇಲಿತ್ತು. ಕುಬೇರಪ್ಪ ಹೊಳೆಪ್ಪನಿಗಿಂತ ಗೇಣುದ್ದ ಎತ್ತರ ಕಾಣುತ್ತಿದ್ದ. ಮಹಬೂಬಸಾಬ ಲೆನ್ಸಿನ ಗಾಜು ಒರೆಸಿ ಮತ್ತೆ ಕಣ್ಣಿಟ್ಟ. ಕುಬೇರಪ್ಪನ ಅಂಗೈಯಿಂದ ಹೊಳೆಪ್ಪ ಚಿಟಿಕೆ ತಂಬಾಕು ತೆಗೆದುಕೊಂಡ.

ಅವನು ಸರಿಯುವ ಮೊದಲೇ ಕರಿಸಿದ್ದಪ್ಪ, ಆರನೆಯ ಪಾಳಿಗೋ ಏಳನೆಯ ಪಾಳಿಗೋ, ಲೆನ್ಸಿಗೆ ಬಗ್ಗಿದ. ಮಹಬೂಬಸಾಬ ಕಣ್ಣು ಮುಚ್ಚಿಕೊಂಡ.

“ಅಬಬಬಬ! ಏನು ಕರಾಮತ್ತೋ ಸಾಬಾ ನಿನ್ನ ಲೆನ್ಸಿಂದು!” ಎಂದು ಕರಿಸಿದ್ದಪ್ಪ ತೊಡೆ ತಟ್ಟಿಕೊಂಡ. “ಅರ್ಧ ಫರ್ಲಾಂಗ ದೂರ ಇದ್ದವರು ತಂಬಾಕ ಕೊಟ್ಟು ತಗೊಂಡಂಗ ಕಾಣಸ್ತಾರ! ಅಗದಿ ಖರೇ ಅನಸ್ತದ ನೋಡು!”

ಅವನ ಹಿಂದಿದ್ದವರೂ ನೋಡಿ ಬೆರಗಾದರು. ಒಬ್ಬ ಅವರು ನಗುವುದನ್ನು ಕಂಡ. ಇನ್ನೊಬ್ಬ ಹೊಳೆಪ್ಪ ಕುಬೇರಪ್ಪನ ತೊಡೆಯ ಮೇಲೆ ಕೈಯಿಟ್ಟದ್ದನ್ನು ಕಂಡ. ಎಲ್ಲರೂ ಜಪಾನಿನವರ ಬುದ್ಧಿವಂತಿಕೆಯನ್ನು ಹೊಗಳಿದರು. ಬರಿಗಣ್ಣಿಂದ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಪಾಳಿಯಲ್ಲಿ ನಿಲ್ಲದೆ ಒಡ್ಡಿನ ಮೇಲೆ ಕುಳಿತಿದ್ದ ಮಲ್ಲಕ್ಕ ಮಾತ್ರ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿ, ಮಹಬೂಬಸಾಬನ ಅಂಗಿಯ ತುದಿ ಜಗ್ಗಿದಳು.

“ಸಾಬಾ, ಮುಂಜಾನೆ ಎರಡ ಚುಕ್ಕಿ ಇದ್ವಲ್ಲೋ. ಈಗ ಒಂದ ಐತಿ.”

“ಸುಮ್ಕಿರಬೇ,” ಎಂದ ಅವನು ಮೆಲ್ಲಗೆ. ಈಗ ನಿಜ ಹೇಳಿದರೆ ಮೊದಲು ಒಡೆಯುವುದು ಲೆನ್ಸು, ಎರಡನೆಯದು ತನ್ನ ತಲೆ ಎಂದು ಅವನಿಗೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಸುಳ್ಳುಗಾರನೆಂದು ಕರೆದಿದ್ದ ಊರು ಇದೇ ಮೊದಲ ಸಲ ಅವನನ್ನು ನಂಬಿತ್ತು. ಆ ನಂಬಿಕೆ ಕೆಡಿಸಲು ಮನಸ್ಸು ಬರಲಿಲ್ಲ. ಅದಕ್ಕಾಗಿ ಆಮೇಲೆ ಎಷ್ಟೋ ದಿನ ಅವನಿಗೆ ನಾಚಿಕೆಯೂ ಆಯಿತು. ಅವನು ಜೋರಾಗಿ ಸೀಟಿ ಊದಿದ. ದೂರದ ಒಂದು ಚುಕ್ಕೆ ಗಡಬಡಿಸಿ ಎರಡಾಯಿತು.

ಮುಂದಿನ ಎರಡು ತಿಂಗಳು ಮುಖಂಡರಿಬ್ಬರೂ ಹಳ್ಳದ ದಂಡೆಯಲ್ಲಿ ದಿನಾ ಬೆಳಗ್ಗೆ ಕೂಡಿ ಚುನಾವಣೆಯ ಮಾತಾಡಿದರು. ಯಾರಾದರೂ ಕಂಡು ಬಂದು ಹೇಳಿದರೆ ಕರಿಸಿದ್ದಪ್ಪನೇ ಗದರುತ್ತಿದ್ದ: “ದೂರಿಂದ ನೋಡಿದ್ರ ಹಂಗ ಕಾಣಸ್ತದಲೇ, ಅಷ್ಟೂ ಗೊತ್ತಿಲ್ಲೇನು?” ಹುಬ್ಬಳ್ಳಿಯ ಖಾನಾವಳಿಯಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಉಂಡದ್ದನ್ನು ಒಬ್ಬ ಎರಡು ಮಾರು ದೂರದಿಂದ ಕಂಡ. ಅವನನ್ನೂ ಯಾರೂ ನಂಬಲಿಲ್ಲ. ಜನವರಿಯಲ್ಲಿ ಎರಡು ಪಾರ್ಟಿಗಳೂ ಎಂದಿನಂತೆ ಒಬ್ಬರಿಗೊಬ್ಬರು ಬೈದು, ಕಲ್ಲು ತೂರಿ, ಮತ ಹಾಕಿದವು. ಎಣಿಕೆ ಮುಗಿದ ವಾರಕ್ಕೆ ಹೊಳೆಪ್ಪ ಪ್ರಧಾನನಾದ. ಅವನ ಹೆಸರು ಸೂಚಿಸಿದವನು ಕುಬೇರಪ್ಪ. ಕುಬೇರಪ್ಪ ಉಪಪ್ರಧಾನನಾದ. ಅವನ ಹೆಸರು ಸೂಚಿಸಿದವನು ಹೊಳೆಪ್ಪ.

ಅಂದು ಸಂಜೆಯ ಬಸ್ಸಿಗೆ ಕರಿಸಿದ್ದಪ್ಪ ಸ್ಟುಡಿಯೋಕ್ಕೆ ಬಂದ. ಬಹಳ ಹೊತ್ತು ಗೋಡೆಯ ಮೇಲಿನ ಚಿಗರಿಯನ್ನು ನೋಡಿದ.

“ಸಾಬಾ, ಖುದಾನ ಆಣಿ ಮಾಡಿ ಹೇಳು. ಅವತ್ತ ಐತವಾರ ಖರೇನ ತಂಬಾಕ ಕೊಟ್ಟಿದ್ನೇನು?”

“ಕೊಟ್ಟಿದ್ದ,” ಎಂದ ಮಹಬೂಬಸಾಬ. “ನೀ ಕಣ್ಣಿಲೆ ನೋಡಿದ್ಯಲ್ಲ.”

“ನೋಡಿದ್ನಿ,” ಎಂದು ಕರಿಸಿದ್ದಪ್ಪ ಒಪ್ಪಿಕೊಂಡ. ಕುರ್ಚಿಯಲ್ಲಿ ಕುಳಿತು, ಚಹಾ ತರಿಸಿದರೆ ಕುಡಿದ. ಹೋಗುವಾಗ ಚಿತ್ರದ ಹತ್ತಿರ ನಿಂತು, “ಕೊಂಬು ಭಾಳ ಚಲೋ ಬಂದಾವ,” ಎಂದ. ಆ ಚಿತ್ರದ ಬಗ್ಗೆ ತಿರ್ಲಾಪುರದವರು ಹೇಳಿದ ಮೊದಲ ಮೆಚ್ಚುಗೆಯ ಮಾತು ಅದೇ. ಮಹಬೂಬಸಾಬನಿಗೆ ಬಹುಮಾನದ ದಿನಕ್ಕಿಂತ ಹೆಚ್ಚು ಸಂತೋಷವಾಯಿತು.

ಮಂಡಲದ ಮೊದಲ ಸಭೆಯ ಠರಾವಿನ ಪ್ರತಿಯೊಂದನ್ನು ಸಿಪಾಯಿ ಅವನಿಗೆ ತಂದುಕೊಟ್ಟ. ಊರ ಸರಹದ್ದಿನಲ್ಲಿ ಒಂದು ಗೇಣಿಗಿಂತ ಉದ್ದದ ಲೆನ್ಸು ಬಳಸುವವರು ಪೂರ್ವಾನುಮತಿ ಪಡೆಯತಕ್ಕದ್ದು. ಸರ್ವಾನುಮತದಿಂದ ಮಂಜೂರು. ಜೊತೆಗೆ ಅರ್ಜಿಯ ನಮೂನೆಯೂ ಇತ್ತು. ಪ್ರಾಣಿಯ ಹೆಸರು, ಪ್ರಾಣಿ ನಿಂತ ಹೊಲದ ಸರ್ವೆ ನಂಬರು, ಪ್ರಾಣಿಯ ಹಿಂದೆ ಇರುವವರ ಹೆಸರು ಮತ್ತು ಅವರ ಒಪ್ಪಿಗೆಯ ಸಹಿ.

ಮಹಬೂಬಸಾಬ ಮೂರು ಪ್ರತಿ ತುಂಬಿ ಕಳಿಸಿದ. ಹಿಂದೆ ಇರುವವರು ಎಂಬಲ್ಲಿ ‘ಅವತ್ತಿನ ದಿವಸ ನೋಡಬೇಕು’ ಎಂದು ಬರೆದ. ಅಪೂರ್ಣ ಎಂದು ವಾಪಸು ಬಂತು.

“ಬ್ಯಾರೆ ಕಡೆ ಚಿಗರಿ ಇಲ್ಲೇನು?” ಎಂದು ಕೇಳಿದಳು ಜರೀನಾಬಿ.

“ಚಿಗರಿ ಇಲ್ಲ. ಕಲಘಟಗಿ ಕಡೆ ಅಡವ್ಯಾಗ ಮುಶ್ಯಾ, ಕರೀ ಮುಖದ ಮಂಗ್ಯಾ, ಅದಾವಂತ. ಬಮ್ಮಿಗಟ್ಟಿ ದಾಟಿದ್ರ ಗಿಡದ ಮ್ಯಾಲೇ ಕುಂತಿರ್ತಾವಂತ.”

“ಹಂಗಾರ ಅವನ್ನ ತೆಗಿ. ಗಿಡದ ಮ್ಯಾಲ ಯಾವ ಗೌಡರೂ ಚರಗಿ ಹಿಡಕೊಂಡು ಹತ್ತೂದಿಲ್ಲ.”

ಮರುದಿನ ಅವಳು ಕಟ್ಟಿಕೊಟ್ಟ ರೊಟ್ಟಿ ಬುತ್ತಿಯ ಜೊತೆ ಅವನು ಮೊದಲ ಬಸ್ಸು ಹತ್ತಿದ. ಲೆನ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಹುಬ್ಬಳ್ಳಿ ದಾಟಿ ಎರೆ ಮುಗಿದು, ಕೆಂಪು ಮಣ್ಣೂ ಭತ್ತದ ಗದ್ದೆಯೂ ಶುರುವಾದಾಗ ಕಿಟಕಿಯ ಪರದೆ ಪೂರ್ತಿ ಮೇಲೆತ್ತಿ, ಮರಗಳ ತುದಿಗಳನ್ನು ಒಂದೊಂದಾಗಿ ನೋಡುತ್ತ ಹೋದ.